ಗ್ಲೆನ್ ಕರ್ಟಿಸ್

ಗ್ಲೆನ್ ಹ್ಯಾಮಂಡ್ ಕರ್ಟಿಸ್ (ಮೇ 21, 1878 – ಜುಲೈ 23, 1930) ಅಮೆರಿಕ ಸಂಯುಕ್ತ ಸಂಸ್ಥಾನದ ವಿಮಾನಯಾನದ ಆದ್ಯ ಪ್ರವರ್ತಕರಲ್ಲಿ ಒಬ್ಬರು. ಬೈಸಿಕಲ್ ಪಂದ್ಯಗಾರರಾಗಿ ಬದುಕು ಆರಂಭಿಸಿದ ಇವರು ಮುಂದೆ ಮೋಟಾರ್ ಸೈಕಲ್ ತಯಾರಕರಾಗಿ, ವಿಮಾನ ಚಾಲಕರಾಗಿ, ವಿಮಾನ ಕೈಗಾರಿಕೆಯ ದೊಡ್ಡ ಉದ್ಯಮಿಯಾಗಿ ಬೆಳೆದರು. 1909ರ ಆಗಸ್ಟ್ ತಿಂಗಳಿನಲ್ಲಿ ಫ್ರಾನ್ಸಿನ ರೀಮ್ಸ್ ನಗರದ ಬಳಿ ನಡೆದ ಮೊಟ್ಟಮೊದಲ ಅಂತರರಾಷ್ಟ್ರೀಯ ವಿಮಾನ ಸಮ್ಮೇಳನದಲ್ಲಿ ವೇಗದ ಸ್ಪರ್ಧೆಯನ್ನು ಗೆದ್ದವರು ಇವರೇ. ಅಮೆರಿಕದ ನೌಕಾಪಡೆಗೆ ಮೊದಲ ವಿಮಾನವನ್ನು ಒದಗಿಸಿದ ಕಾರಣ ಇವರನ್ನು ಅಲ್ಲಿನ ನೌಕಾ ವಿಮಾನಯಾನದ ಜನಕರೆಂದು ಗೌರವಿಸಲಾಗುತ್ತದೆ.

ರೈಟ್ ಸಹೋದರರು ತಮ್ಮ ಯಂತ್ರದ ರಹಸ್ಯವನ್ನು ವರ್ಷಗಳ ಕಾಲ ಕಾಪಾಡಿಕೊಂಡರು. ಕರ್ಟಿಸ್ ಅವರು ಮುಂಚಿತವಾಗಿ ದಿನವನ್ನು ಗೊತ್ತುಪಡಿಸಿ, ಜನರ ಮತ್ತು ತೀರ್ಪುಗಾರರ ಎದುರಿನಲ್ಲಿ ಹಾರಿ ತೋರಿಸುವ ಮಾರ್ಗವನ್ನು ಹಿಡಿದರು. ಈ ಎರಡು ಮಾರ್ಗಗಳ ಘರ್ಷಣೆಯಿಂದ ಹುಟ್ಟಿದ ಪೇಟೆಂಟ್ ಮೊಕದ್ದಮೆಯು ಅಮೆರಿಕದ ವಿಮಾನಯಾನದ ಮೊದಲ ದಶಕದ ಮೇಲೆ ಗಾಢವಾದ ಪರಿಣಾಮವನ್ನು ಬೀರಿತು.

ಜನನ ಮತ್ತು ಬಾಲ್ಯ

ಕರ್ಟಿಸ್ ಅವರು ನ್ಯೂಯಾರ್ಕ್ ರಾಜ್ಯದ ಹ್ಯಾಮಂಡ್ಸ್‌ಪೋರ್ಟ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ಕ್ಯೂಕಾ ಸರೋವರದ ದಕ್ಷಿಣ ತುದಿಯಲ್ಲಿರುವ ಈ ಊರು ದ್ರಾಕ್ಷಿ ತೋಟಗಳಿಗೆ ಹೆಸರಾಗಿತ್ತು. ತಂದೆ ಫ್ರ್ಯಾಂಕ್ ಕರ್ಟಿಸ್ ಕುದುರೆಗಳ ಜೀನು ಮತ್ತು ಸಜ್ಜುಗಳನ್ನು ತಯಾರಿಸುತ್ತಿದ್ದರು. ಗ್ಲೆನ್ ಇನ್ನೂ ಚಿಕ್ಕ ಮಗುವಾಗಿದ್ದಾಗಲೇ ತಂದೆ ತೀರಿಕೊಂಡರು. ತಂಗಿ ರೂತಾ ಕಾಯಿಲೆಯಿಂದ ಶ್ರವಣಶಕ್ತಿಯನ್ನು ಕಳೆದುಕೊಂಡಾಗ, ಆಕೆಯನ್ನು ಕಿವುಡು ಮಕ್ಕಳ ಶಾಲೆಗೆ ಸೇರಿಸುವ ಸಲುವಾಗಿ ತಾಯಿ ಲುವಾ ರೋಚೆಸ್ಟರ್ ನಗರಕ್ಕೆ ವಾಸ ಬದಲಿಸಿದರು.

ಗ್ಲೆನ್ ಅವರ ಶಾಲಾ ವಿದ್ಯಾಭ್ಯಾಸ ಎಂಟನೆಯ ತರಗತಿಗೆ ಮುಗಿಯಿತು. ಅನಂತರ ಅವರು ರೋಚೆಸ್ಟರಿನ ಈಸ್ಟ್‌ಮನ್ ಡ್ರೈ ಪ್ಲೇಟ್ ಅಂಡ್ ಫಿಲ್ಮ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿದರು. ಇದೇ ಸಂಸ್ಥೆ ಮುಂದೆ ಈಸ್ಟ್‌ಮನ್ ಕೊಡಾಕ್ ಎಂದು ಜಗತ್ಪ್ರಸಿದ್ಧವಾಯಿತು. ಫಿಲ್ಮಿನ ಹಿಂಬದಿಯ ಕಾಗದದ ಮೇಲೆ ಅಂಕಿಗಳನ್ನು ಮುದ್ರಿಸುವ ಕೆಲಸವನ್ನು ಕೈಯಿಂದ ಮಾಡಬೇಕಾಗಿದ್ದ ಆ ಕಾಲದಲ್ಲಿ, ಅದಕ್ಕಾಗಿ ಒಂದು ಅಚ್ಚಿನ ಯಂತ್ರವನ್ನು ಈ ಹುಡುಗ ರೂಪಿಸಿದರು. ಛಾಯಾಗ್ರಹಣವನ್ನು ಅರಿಯಲು ತಾವೇ ಒಂದು ಸರಳ ಕ್ಯಾಮರಾವನ್ನೂ ಕಟ್ಟಿದರು. ಬಳಿಕ ವೆಸ್ಟರ್ನ್ ಯೂನಿಯನ್ ತಂತಿ ಕಂಪನಿಯಲ್ಲಿ ಬೈಸಿಕಲ್ ಮೇಲೆ ಸಂದೇಶ ತಲುಪಿಸುವ ಕೆಲಸವನ್ನು ಮಾಡಿದರು. ವೇಗದ ಮೇಲಿನ ಅವರ ಒಲವು ಬಲವಾದದ್ದು ಇಲ್ಲಿಯೇ.

ಬೈಸಿಕಲ್ಲಿನಿಂದ ಎಂಜಿನ್ನಿಗೆ

ಹ್ಯಾಮಂಡ್ಸ್‌ಪೋರ್ಟಿಗೆ ಹಿಂದಿರುಗಿದ ಕರ್ಟಿಸ್ 1898ರ ಮಾರ್ಚ್ 7ರಂದು ಲೀನಾ ಪರ್ಲ್ ನೆಫ್ ಅವರನ್ನು ವಿವಾಹವಾದರು. ಸ್ಥಳೀಯ ಬೈಸಿಕಲ್ ಪಂದ್ಯಗಳಲ್ಲಿ ಹೆಸರು ಮಾಡಿದ ಅವರು ಬೈಸಿಕಲ್ ಅಂಗಡಿಯನ್ನು ತೆರೆದು, ಹರ್ಕ್ಯುಲಿಸ್ ಎಂಬ ಹೆಸರಿನಲ್ಲಿ ಸ್ವಂತ ಬೈಸಿಕಲ್ಲುಗಳನ್ನು ಮಾರತೊಡಗಿದರು. 1901ರಲ್ಲಿ ಬೈಸಿಕಲ್ಲಿಗೆ ಪೆಟ್ರೋಲ್ ಎಂಜಿನ್ನನ್ನು ಅಳವಡಿಸುವ ಪ್ರಯೋಗ ಆರಂಭವಾಯಿತು. ಮೊದಲ ಪ್ರಯೋಗದಲ್ಲಿ ಇಂಧನ ಮತ್ತು ಗಾಳಿಯನ್ನು ಬೆರೆಸುವ ಕಾರ್ಬೊರೇಟರ್ ಆಗಿ ಬಳಕೆಯಾದದ್ದು ಟೊಮೆಟೊ ತುಂಬಿಸಿದ್ದ ಖಾಲಿ ತಗಡಿನ ಡಬ್ಬಿ. ದಂಪತಿಗಳ ಮೊದಲ ಮಗು ಕಾರ್ಲ್‌ಟನ್ 1902ರಲ್ಲಿ ಶೈಶವದಲ್ಲಿಯೇ ತೀರಿಕೊಂಡಿತು. ಎರಡನೆಯ ಮಗ ಗ್ಲೆನ್ ಹ್ಯಾಮಂಡ್ ಕಿರಿಯ ಜನಿಸಿದ್ದು ಹತ್ತು ವರ್ಷಗಳ ಅನಂತರ, 1912ರಲ್ಲಿ.

ಹಗುರವಾಗಿದ್ದೂ ಹೆಚ್ಚು ಶಕ್ತಿ ನೀಡುವ ಎಂಜಿನ್ನುಗಳನ್ನು ತಯಾರಿಸುವುದರಲ್ಲಿ ಕರ್ಟಿಸ್ ಅವರ ಕೈ ಕುದುರಿತು. 1907ರ ಜನವರಿ 24ರಂದು ಫ್ಲಾರಿಡಾದ ಆರ್ಮಂಡ್ ಬೀಚ್ ಕಡಲತೀರದಲ್ಲಿ, ತಾವೇ ನಿರ್ಮಿಸಿದ ಎಂಟು ಸಿಲಿಂಡರುಗಳ ಮೋಟಾರ್ ಸೈಕಲ್ಲನ್ನೇರಿ ಗಂಟೆಗೆ 136.36 ಮೈಲಿ, ಅಂದರೆ ಸುಮಾರು 219 ಕಿಲೋಮೀಟರ್ ವೇಗವನ್ನು ಮುಟ್ಟಿದರು. ಎದುರು ದಿಕ್ಕಿನಲ್ಲಿ ಮತ್ತೊಮ್ಮೆ ಓಡಿಸಿ ತೋರಿಸುವ ಮೊದಲೇ ಯಂತ್ರ ಮುರಿದುದರಿಂದ ಇದು ಅಧಿಕೃತ ದಾಖಲೆಯಾಗಲಿಲ್ಲ. ಆದರೂ ಭೂಮಿಯ ಮೇಲಿನ ಅತ್ಯಂತ ವೇಗದ ಮನುಷ್ಯ ಎಂಬ ಖ್ಯಾತಿ ಅವರಿಗೆ ದೊರೆಯಿತು.

ಆ ವೇಳೆಗಾಗಲೇ ಅವರ ಎಂಜಿನ್ನುಗಳು ಆಕಾಶಕ್ಕೇರಿದ್ದವು. ವಾಯುನೌಕೆಗಳ ನಿರ್ಮಾಪಕ ಥಾಮಸ್ ಸ್ಕಾಟ್ ಬಾಲ್ಡ್ವಿನ್ 1904ರಲ್ಲಿ ಹಾರಿಸಿದ ಕ್ಯಾಲಿಫೋರ್ನಿಯಾ ಆರೋ ಎಂಬ ವಾಯುನೌಕೆಯಲ್ಲಿ ಇದ್ದದ್ದು ಕರ್ಟಿಸ್ ಅವರ ಮೋಟಾರ್ ಸೈಕಲ್ ಎಂಜಿನ್.

ವೈಮಾನಿಕ ಪ್ರಯೋಗ ಸಂಘ ಮತ್ತು ಜೂನ್ ಬಗ್

ದೂರವಾಣಿಯನ್ನು ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರಿಗೂ ವಿಮಾನಯಾನದಲ್ಲಿ ಆಳವಾದ ಆಸಕ್ತಿ ಇತ್ತು. 1907ರಲ್ಲಿ ಅವರು ಕರ್ಟಿಸ್, ಜೆ. ಎ. ಡಿ. ಮೆಕರ್ಡಿ, ಎಫ್. ಡಬ್ಲ್ಯು. ಬಾಲ್ಡ್ವಿನ್ ಹಾಗೂ ಸೇನಾಧಿಕಾರಿ ಥಾಮಸ್ ಸೆಲ್‌ಫ್ರಿಜ್ ಅವರನ್ನು ಸೇರಿಸಿಕೊಂಡು ವೈಮಾನಿಕ ಪ್ರಯೋಗ ಸಂಘವನ್ನು ಸ್ಥಾಪಿಸಿದರು. ಇದಕ್ಕೆ ಬೇಕಾದ ಹಣವನ್ನು ಬೆಲ್ ಅವರ ಪತ್ನಿ ಮೇಬಲ್ ಒದಗಿಸಿದರು.

ಸಂಘದ ಮೊದಲ ವಿಮಾನವಾದ ರೆಡ್ ವಿಂಗ್ 1908ರ ಮಾರ್ಚ್ 12ರಂದು ಕ್ಯೂಕಾ ಸರೋವರದ ಹೆಪ್ಪುಗಟ್ಟಿದ ನೀರಿನ ಮೇಲಿಂದ ಏರಿತು. ಅದರಲ್ಲಿ ವಿಮಾನವು ಪಕ್ಕಕ್ಕೆ ವಾಲದಂತೆ ತಡೆಯುವ ಸಾಧನ ಇರಲಿಲ್ಲ. ಎರಡನೆಯ ವಿಮಾನ ವೈಟ್ ವಿಂಗ್‌ನಲ್ಲಿ ರೆಕ್ಕೆಗಳ ತುದಿಗೆ ಮೇಲೆ ಕೆಳಗೆ ಬಾಗುವ ಚಿಕ್ಕ ಹಲಗೆಗಳನ್ನು ಜೋಡಿಸಲಾಯಿತು. ಐಲೆರಾನ್ ಎಂದು ಕರೆಯಲಾಗುವ ಈ ಸಾಧನ ಇಂದಿಗೂ ಬಹುತೇಕ ಎಲ್ಲ ವಿಮಾನಗಳಲ್ಲಿದೆ. ಕರ್ಟಿಸ್ ತಮ್ಮ 30ನೆಯ ಹುಟ್ಟುಹಬ್ಬದ ದಿನ ಇದೇ ವಿಮಾನದಲ್ಲಿ ಹಾರಿದರು.

ಮೂರನೆಯ ವಿಮಾನ ಜೂನ್ ಬಗ್ ಕರ್ಟಿಸ್ ಅವರ ನೇತೃತ್ವದಲ್ಲಿ ನಿರ್ಮಾಣವಾಯಿತು. ಸೈಂಟಿಫಿಕ್ ಅಮೆರಿಕನ್ ಪತ್ರಿಕೆ ಆಗ ಒಂದು ಪಾರಿತೋಷಕವನ್ನು ಘೋಷಿಸಿತ್ತು. ಅಧಿಕೃತ ವೀಕ್ಷಕರ ಸಮ್ಮುಖದಲ್ಲಿ, ನೆಲದಿಂದ ತನ್ನದೇ ಶಕ್ತಿಯಿಂದ ಮೇಲೆದ್ದು, ಒಂದು ಕಿಲೋಮೀಟರ್ ದೂರವನ್ನು ನೇರವಾಗಿ ಹಾರಬೇಕೆಂಬುದು ಅದರ ನಿಯಮ. ಪತ್ರಿಕೆಯು ಈ ಅವಕಾಶವನ್ನು ಮೊದಲು ರೈಟ್ ಸಹೋದರರಿಗೆ ನೀಡಿತು. ಹಳಿಯ ಮೇಲಿಂದ ಚಿಮ್ಮಿಸಿ ಏರಿಸಬೇಕಾಗಿದ್ದ ತಮ್ಮ ವಿಮಾನಕ್ಕೆ ಆ ನಿಯಮ ಹೊಂದದ ಕಾರಣ ಅವರು ಒಪ್ಪಲಿಲ್ಲ.

1908ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನದಂದು, ಹ್ಯಾಮಂಡ್ಸ್‌ಪೋರ್ಟಿನ ಹೊರವಲಯದಲ್ಲಿ ಜನಸಮೂಹ ಮತ್ತು ಛಾಯಾಗ್ರಾಹಕರ ಮುಂದೆ ಕರ್ಟಿಸ್ 1,500 ಮೀಟರಿಗೂ ಹೆಚ್ಚು ದೂರ ಹಾರಿ ಪಾರಿತೋಷಕವನ್ನು ಗೆದ್ದರು. ಅಮೆರಿಕದಲ್ಲಿ ಮುಂಚಿತವಾಗಿ ಪ್ರಕಟಿಸಿ ನಡೆಸಿದ ಮೊದಲ ಸಾರ್ವಜನಿಕ ವಿಮಾನ ಹಾರಾಟವಿದು. ರೈಟ್ ಸಹೋದರರು 1905ರಲ್ಲಿಯೇ ಸುಮಾರು 39 ಕಿಲೋಮೀಟರ್ ಹಾರಿದ್ದರು. ಸಾಮಾನ್ಯ ಜನರಿಗೆ ಅದರ ಅರಿವಿರಲಿಲ್ಲ. ವಿಮಾನವೆಂಬುದು ನಿಜವಾಗಿಯೂ ಇದೆ ಎಂಬುದನ್ನು ಅಮೆರಿಕದ ಸಾವಿರಾರು ಮಂದಿ ನಂಬಿದ್ದು ಜೂನ್ ಬಗ್ ಹಾರಾಟದ ಸುದ್ದಿಯಿಂದ. ಅದೇ ತಿಂಗಳು ಆರ್ವಿಲ್ ರೈಟ್ ಅವರು ಕರ್ಟಿಸ್ ಅವರಿಗೆ ಪತ್ರ ಬರೆದು, ತಮ್ಮ ಪೇಟೆಂಟಿನಲ್ಲಿರುವ ವಿಧಾನವನ್ನು ಪ್ರದರ್ಶನಗಳಿಗೆ ಅಥವಾ ವ್ಯಾಪಾರಕ್ಕೆ ಬಳಸಲು ಅನುಮತಿ ಇಲ್ಲವೆಂದು ಎಚ್ಚರಿಸಿದರು.

ರೀಮ್ಸ್ ಸಮ್ಮೇಳನ, 1909

ರೀಮ್ಸ್ ಸಮೀಪದ ಬೆತೆನಿ ಬಯಲಿನಲ್ಲಿ 1909ರ ಆಗಸ್ಟ್ 22ರಿಂದ 29ರವರೆಗೆ ವಿಮಾನ ಸಪ್ತಾಹ ನಡೆಯಿತು. ದೂರ, ಎತ್ತರ ಮತ್ತು ವೇಗಕ್ಕೆ ಬೇರೆ ಬೇರೆ ಬಹುಮಾನಗಳಿದ್ದವು. ಫ್ರಾನ್ಸಿನ ರಾಷ್ಟ್ರಾಧ್ಯಕ್ಷರೂ ಸೇರಿದಂತೆ ಲಕ್ಷಾಂತರ ಜನ ಅದನ್ನು ನೋಡಿದರು. ನ್ಯೂಯಾರ್ಕ್ ಹೆರಾಲ್ಡ್ ಪತ್ರಿಕೆಯ ಒಡೆಯ ಜೇಮ್ಸ್ ಗಾರ್ಡನ್ ಬೆನೆಟ್ ಸ್ಥಾಪಿಸಿದ್ದ ವೇಗದ ಪಾರಿತೋಷಕವೇ ಅಲ್ಲಿನ ಮುಖ್ಯ ಆಕರ್ಷಣೆ. ಒಂದೇ ತಿಂಗಳ ಹಿಂದೆ ಇಂಗ್ಲಿಷ್ ಕಾಲುವೆಯನ್ನು ದಾಟಿ ವೀರನೆನಿಸಿದ್ದ ಲೂಯಿ ಬ್ಲೇರಿಯೊ ಅವರೇ ಗೆಲ್ಲುವರೆಂಬುದು ಫ್ರೆಂಚರ ನಿರೀಕ್ಷೆಯಾಗಿತ್ತು.

ಅಮೆರಿಕದಿಂದ ಬಂದ ಏಕೈಕ ಸ್ಪರ್ಧಿ ಕರ್ಟಿಸ್. ಅವರ ಬಳಿ ಇದ್ದದ್ದು ಒಂದೇ ವಿಮಾನ. ಆದ್ದರಿಂದ ಉಳಿದ ಬಹುಮಾನಗಳ ಆಸೆಗೆ ಬೀಳದೆ ಅದನ್ನು ವೇಗದ ಸ್ಪರ್ಧೆಗಾಗಿ ಜೋಪಾನ ಮಾಡಿದರು. ಆಗಸ್ಟ್ 28ರಂದು ಹತ್ತು ಕಿಲೋಮೀಟರ್ ಸುತ್ತಳತೆಯ ಪಥವನ್ನು ಎರಡು ಬಾರಿ ಸುತ್ತಿ, 20 ಕಿಲೋಮೀಟರನ್ನು ಹದಿನಾರು ನಿಮಿಷಗಳೊಳಗೆ ಮುಗಿಸಿದರು. ಅವರ ಸರಾಸರಿ ವೇಗ ಗಂಟೆಗೆ ಸುಮಾರು 75 ಕಿಲೋಮೀಟರ್. ದಿನದ ಕೊನೆಯ ಭಾಗದಲ್ಲಿ ಹಾರಿದ ಬ್ಲೇರಿಯೊ ಹಿಂದುಳಿದದ್ದು ಸುಮಾರು ಆರು ಸೆಕೆಂಡುಗಳಷ್ಟು ಮಾತ್ರ.

ಮುಂದಿನ ತಿಂಗಳು ಇಟಲಿಯ ಬ್ರೆಷಿಯಾದಲ್ಲಿ ನಡೆದ ಸಮ್ಮೇಳನದಲ್ಲಿಯೂ ಕರ್ಟಿಸ್ ಪ್ರಧಾನ ಬಹುಮಾನವನ್ನು ಗೆದ್ದರು. ಇಟಲಿಯ ಕವಿ ಗೇಬ್ರಿಯೆಲೆ ದಾನುಂಜಿಯೊ ಅಲ್ಲಿ ಅವರ ವಿಮಾನದಲ್ಲಿ ಕುಳಿತು ಹಾರಿದರು. ಪ್ರೇಕ್ಷಕರ ನಡುವೆ ಇದ್ದ ತರುಣ ಲೇಖಕ ಫ್ರಾನ್ಸ್ ಕಾಫ್ಕಾ ಆ ಸಮ್ಮೇಳನವನ್ನು ಕುರಿತು ಪತ್ರಿಕಾ ಲೇಖನವೊಂದನ್ನು ಬರೆದರು.

ಆರಂಭದ ಹಾರಾಟಗಳು ಮತ್ತು ಚಲನಚಿತ್ರ

ವಿಮಾನ ಮತ್ತು ಚಲನಚಿತ್ರ ಹೆಚ್ಚು ಕಡಿಮೆ ಒಂದೇ ಕಾಲದಲ್ಲಿ ಬೆಳೆದವು. 1909ರ ಏಪ್ರಿಲ್‌ನಲ್ಲಿ ರೋಮ್ ಬಳಿಯ ಚೆಂಟೊಚೆಲ್ಲೆಯಲ್ಲಿ ವಿಲ್ಬರ್ ರೈಟ್ ನಡೆಸುತ್ತಿದ್ದ ವಿಮಾನದಲ್ಲಿ ಕುಳಿತ ಛಾಯಾಗ್ರಾಹಕರೊಬ್ಬರು ಹಾರುತ್ತಿರುವ ವಿಮಾನದಿಂದ ಚಲಚ್ಚಿತ್ರವನ್ನು ತೆಗೆದರು. ಕೆಲವು ತಿಂಗಳ ಬಳಿಕ ರೀಮ್ಸ್ ಬಯಲಿನಲ್ಲಿ ಹಲವು ಕ್ಯಾಮರಾಗಳು ನೆಲದ ಮೇಲಿಂದ ಆ ಸಪ್ತಾಹವನ್ನು ಸೆರೆಹಿಡಿದವು. ಅವುಗಳ ತುಣುಕುಗಳು ಇಂದಿಗೂ ಉಳಿದಿವೆ.

ಇಂಥ ಹಳೆಯ ಚಿತ್ರಗಳಲ್ಲಿ ಕರ್ಟಿಸ್ ವಿಮಾನವನ್ನು ಗುರುತಿಸುವುದು ಕಷ್ಟವಲ್ಲ. ಒಂದರ ಮೇಲೊಂದು ಎರಡು ರೆಕ್ಕೆಗಳು, ಮುಂದಕ್ಕೂ ಹಿಂದಕ್ಕೂ ಚಾಚಿದ ಬಿದಿರಿನ ಗಳುಗಳು, ಕೆಳಗೆ ಮೂರು ಚಕ್ರಗಳು, ಚಾಲಕನ ಬೆನ್ನ ಹಿಂದೆ ಎಂಜಿನ್ ಮತ್ತು ಒಂದೇ ಒಂದು ಪ್ರೊಪೆಲರ್ ಅದರಲ್ಲಿರುತ್ತವೆ. ಎರಡು ರೆಕ್ಕೆಗಳ ನಡುವಿನ ಕಂಬಗಳ ಬಳಿ ಐಲೆರಾನ್ ಹಲಗೆಗಳು ಕಾಣುತ್ತವೆ. ಚಾಲಕನ ಭುಜಗಳಿಗೆ ತಾಗುವ ಚೌಕಟ್ಟೊಂದು ಅವುಗಳಿಗೆ ಜೋಡಣೆಯಾಗಿರುತ್ತದೆ. ವಿಮಾನ ಒಂದು ಕಡೆಗೆ ವಾಲಿದಾಗ ಚಾಲಕ ಎದುರು ಕಡೆಗೆ ಬಾಗಿದರೆ ಅದು ಸಮತೋಲಕ್ಕೆ ಬರುತ್ತದೆ. ಮೋಟಾರ್ ಸೈಕಲ್ ಸವಾರ ತಿರುವಿನಲ್ಲಿ ಮೈ ಬಾಗಿಸುವುದನ್ನು ಇದು ನೆನಪಿಗೆ ತರುತ್ತದೆ. ಅದೇ ಕಾಲದ ರೈಟ್ ವಿಮಾನಕ್ಕೆ ಚಕ್ರಗಳ ಬದಲು ಜಾರುವ ಮರದ ಪಟ್ಟಿಗಳಿದ್ದು, ಸರಪಳಿಯಿಂದ ತಿರುಗುವ ಎರಡು ಪ್ರೊಪೆಲರುಗಳಿದ್ದವು. ಬ್ಲೇರಿಯೊ ವಿಮಾನಕ್ಕೆ ಒಂದೇ ಜೊತೆ ರೆಕ್ಕೆಗಳಿದ್ದು, ಎಂಜಿನ್ ಮುಂಭಾಗದಲ್ಲಿತ್ತು.

ಈ ಚಿತ್ರಗಳನ್ನು ನೋಡಿ ವೇಗವನ್ನು ಅಳೆಯುವುದು ಮಾತ್ರ ಸರಿಯಲ್ಲ. ಆಗಿನ ಕ್ಯಾಮರಾದ ಹಿಡಿಯನ್ನು ಕೈಯಿಂದ ತಿರುಗಿಸಬೇಕಾಗಿತ್ತು. ಸೆಕೆಂಡಿಗೆ ಸುಮಾರು 16 ಚೌಕಟ್ಟುಗಳಂತೆ ತೆಗೆದ ಚಿತ್ರವನ್ನು ಮುಂದಿನ ಕಾಲದ 24 ಚೌಕಟ್ಟುಗಳ ಯಂತ್ರದಲ್ಲಿ ತೋರಿಸಿದಾಗ ಎಲ್ಲವೂ ಒಂದೂವರೆ ಪಟ್ಟು ವೇಗವಾಗಿ ಕಾಣುತ್ತದೆ. ಜನರು ದಡಬಡನೆ ಓಡುವಂತೆ, ವಿಮಾನಗಳು ಎಗರಿ ಬೀಳುವಂತೆ ತೋರುವುದಕ್ಕೆ ಇದೇ ಕಾರಣ. ಆರು ಸೆಕೆಂಡುಗಳ ಅಂತರವನ್ನು ನಿರ್ಣಯಿಸಿದ್ದು ಸಮಯಪಾಲಕರ ಗಡಿಯಾರವೇ ಹೊರತು ಕ್ಯಾಮರಾ ಅಲ್ಲ.

ಸ್ಪರ್ಧೆಗಳು ಮತ್ತು ಹಡ್ಸನ್ ಹಾರಾಟ

1910ರ ಜನವರಿಯಲ್ಲಿ ಲಾಸ್ ಏಂಜಲೀಸ್ ಬಳಿಯ ಡೊಮಿಂಗೆಜ್ ಬಯಲಿನಲ್ಲಿ ಅಮೆರಿಕದ ಮೊದಲ ದೊಡ್ಡ ವಿಮಾನ ಸಮ್ಮೇಳನ ನಡೆಯಿತು. ಕರ್ಟಿಸ್ ಮತ್ತು ಫ್ರಾನ್ಸಿನ ಲೂಯಿ ಪೋಲಾನ್ ಅಲ್ಲಿನ ಪ್ರಮುಖ ಆಕರ್ಷಣೆಯಾಗಿದ್ದರು.

ಅದೇ ವರ್ಷ ಮೇ 29ರಂದು ಕರ್ಟಿಸ್ ಆಲ್ಬನಿ ನಗರದಿಂದ ನ್ಯೂಯಾರ್ಕಿಗೆ ಹಡ್ಸನ್ ನದಿಯ ಮಾರ್ಗವಾಗಿ ಹಾರಿದರು. ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆ ಇದಕ್ಕೆ 10,000 ಡಾಲರ್ ಬಹುಮಾನವನ್ನಿಟ್ಟಿತ್ತು. ನೀರಿಗೆ ಬಿದ್ದರೆ ತೇಲಲೆಂದು ವಿಮಾನಕ್ಕೆ ತೇಲುಸಾಧನಗಳನ್ನು ಕಟ್ಟಲಾಗಿತ್ತು. ಲೀನಾ ಅವರನ್ನು ಹೊತ್ತ ವಿಶೇಷ ರೈಲು ನದಿಯ ದಡದಲ್ಲಿ ಜೊತೆಜೊತೆಗೆ ಓಡಿತು. ಸ್ಟಾರ್ಮ್ ಕಿಂಗ್ ಬೆಟ್ಟದ ಬಳಿ ಬಿರುಗಾಳಿ ವಿಮಾನವನ್ನು ಅಲುಗಾಡಿಸಿತು. ಪೊಕಿಪ್ಸಿಯಲ್ಲಿಯೂ ಮ್ಯಾನ್‌ಹ್ಯಾಟನ್ನಿನ ಉತ್ತರ ತುದಿಯಲ್ಲಿಯೂ ಇಳಿದು, ಕೊನೆಗೆ ಗವರ್ನರ್ಸ್ ದ್ವೀಪವನ್ನು ತಲುಪಿದಾಗ ಅವರು ಗಾಳಿಯಲ್ಲಿ ಕಳೆದ ಸಮಯ ಮೂರು ಗಂಟೆಗಿಂತ ಕಡಿಮೆ. ಈ ಹಾರಾಟದೊಂದಿಗೆ ಸೈಂಟಿಫಿಕ್ ಅಮೆರಿಕನ್ ಪಾರಿತೋಷಕವನ್ನು ಮೂರನೆಯ ಬಾರಿ ಗೆದ್ದು ಅದನ್ನು ಶಾಶ್ವತವಾಗಿ ತಮ್ಮದಾಗಿಸಿಕೊಂಡರು.

ನೌಕಾ ವಿಮಾನಯಾನ

1910ರ ನವೆಂಬರ್ 14ರಂದು ಯೂಜೀನ್ ಈಲಿ ಎಂಬ ಚಾಲಕ ಕರ್ಟಿಸ್ ವಿಮಾನವೊಂದನ್ನು ಬರ್ಮಿಂಗ್‌ಹ್ಯಾಮ್ ಎಂಬ ಯುದ್ಧನೌಕೆಯ ಮೇಲಿಂದ ಹಾರಿಸಿದರು. 1911ರ ಜನವರಿ 18ರಂದು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿದ್ದ ಪೆನ್ಸಿಲ್ವೇನಿಯಾ ನೌಕೆಯ ಮೇಲೆ ಅವರೇ ವಿಮಾನವನ್ನು ಇಳಿಸಿದರು. ಮರಳಿನ ಚೀಲಗಳನ್ನು ಕಟ್ಟಿದ ಅಡ್ಡ ಹಗ್ಗಗಳು ವಿಮಾನದ ಕೊಕ್ಕೆಗೆ ಸಿಕ್ಕು ಅದನ್ನು ನಿಲ್ಲಿಸಿದವು. ವಿಮಾನವಾಹಕ ನೌಕೆಗಳಲ್ಲಿ ಇಂದು ಬಳಕೆಯಲ್ಲಿರುವ ತಡೆಹಗ್ಗದ ಮೂಲ ತತ್ವ ಇದೇ.

ಅದೇ ಜನವರಿ 26ರಂದು ಕರ್ಟಿಸ್ ಸ್ಯಾನ್ ಡಿಯಾಗೊದಲ್ಲಿ ನೀರಿನ ಮೇಲಿಂದ ಏರಿ ನೀರಿನ ಮೇಲೆಯೇ ಇಳಿಯುವ ವಿಮಾನವನ್ನು ಯಶಸ್ವಿಯಾಗಿ ಹಾರಿಸಿದರು. ನೌಕಾಪಡೆಯ ಮೊದಲ ವೈಮಾನಿಕರಾದ ಥಿಯೊಡೊರ್ ಎಲಿಸನ್ ಅವರು ತರಬೇತಿ ಪಡೆದದ್ದು ಕರ್ಟಿಸ್ ಅವರಲ್ಲಿ. ನೌಕಾಪಡೆ ಕೊಂಡ ಮೊದಲ ವಿಮಾನವೂ ಅವರದೇ. 1912ರಲ್ಲಿ ದೋಣಿಯಾಕಾರದ ಒಡಲಿನ ಹಾರುದೋಣಿಯನ್ನು ಕ್ಯೂಕಾ ಸರೋವರದಲ್ಲಿ ಹಾರಿಸಿದರು. ಈ ಮಾದರಿಯ ಬೆಳವಣಿಗೆಯಾದ ಎನ್‌ಸಿ-4 ಎಂಬ ವಿಮಾನವು 1919ರ ಮೇ ತಿಂಗಳಿನಲ್ಲಿ ಆಲ್ಬರ್ಟ್ ರೀಡ್ ಅವರ ನಾಯಕತ್ವದಲ್ಲಿ, ಏಜೋರ್ಸ್ ದ್ವೀಪಗಳಲ್ಲಿ ತಂಗಿ, ಅಟ್ಲಾಂಟಿಕ್ ಸಾಗರವನ್ನು ದಾಟಿದ ಮೊದಲ ವಿಮಾನವೆನಿಸಿತು.

ರೈಟ್ ಸಹೋದರರೊಡನೆ ಪೇಟೆಂಟ್ ವಿವಾದ

ರೈಟ್ ಸಹೋದರರಿಗೆ 1906ರಲ್ಲಿ ದೊರೆತ ಪೇಟೆಂಟ್ ವಿಮಾನದ ಪಾರ್ಶ್ವ ಸಮತೋಲವನ್ನು ಕುರಿತದ್ದು. ರೆಕ್ಕೆಗಳ ತುದಿಗಳನ್ನು ತಿರುಚಿ, ಅದರೊಡನೆ ಚುಕ್ಕಾಣಿಯನ್ನು ಹೊಂದಿಸಿ ಸಮತೋಲವನ್ನು ಸಾಧಿಸುವುದು ಅವರ ವಿಧಾನ. ಕರ್ಟಿಸ್ ಅವರ ಐಲೆರಾನ್ ರೆಕ್ಕೆಯನ್ನು ತಿರುಚುವುದಿಲ್ಲವಾದರೂ, ಎರಡು ಪಕ್ಕಗಳ ಮೇಲೆ ಗಾಳಿಯ ಒತ್ತಡವನ್ನು ಬೇರೆ ಬೇರೆಯಾಗಿಸುವ ಮೂಲಕ ಅದೇ ಫಲವನ್ನು ನೀಡುತ್ತದೆ. ಸಾಧನ ಬೇರೆಯಾದರೂ ತತ್ವ ಒಂದೇ ಎಂಬುದು ರೈಟ್ ಸಹೋದರರ ವಾದ. ಐಲೆರಾನ್ ಕಲ್ಪನೆಗೆ ಇಂಗ್ಲೆಂಡಿನ ಮ್ಯಾಥ್ಯೂ ಬೌಲ್ಟನ್ 1868ರಲ್ಲಿಯೇ ಪೇಟೆಂಟ್ ಪಡೆದಿದ್ದರು. ಅದು ಹಾರಾಟದಲ್ಲಿ ಬಳಕೆಗೆ ಬಂದಿರಲಿಲ್ಲ.

ಕರ್ಟಿಸ್ 1909ರಲ್ಲಿ ಆಗಸ್ಟಸ್ ಹೆರಿಂಗ್ ಅವರೊಡನೆ ಕಂಪನಿ ಸ್ಥಾಪಿಸಿ ವಿಮಾನವೊಂದನ್ನು ಮಾರಿದಾಗ ವಿವಾದ ನ್ಯಾಯಾಲಯಕ್ಕೆ ಹೋಯಿತು. ಅವರು ರೀಮ್ಸ್ ಸ್ಪರ್ಧೆಗೆ ತೆರಳಿದ್ದ ಅದೇ ಆಗಸ್ಟ್ ತಿಂಗಳಿನಲ್ಲಿ ರೈಟ್ ಸಹೋದರರು ಮೊಕದ್ದಮೆ ಹೂಡಿದರು. 1910ರ ಜನವರಿಯಲ್ಲಿ ಬಂದ ತಾತ್ಕಾಲಿಕ ತಡೆಯಾಜ್ಞೆಯನ್ನು ಮೇಲಿನ ನ್ಯಾಯಾಲಯ ಅದೇ ವರ್ಷ ತೆರವುಗೊಳಿಸಿತು. 1913ರಲ್ಲಿ ತೀರ್ಪು ರೈಟ್ ಪಕ್ಷಕ್ಕೆ ಒಲಿಯಿತು. 1914ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಈ ನಡುವೆ 1912ರಲ್ಲಿ ವಿಲ್ಬರ್ ರೈಟ್ ವಿಷಮಶೀತಜ್ವರದಿಂದ ನಿಧನರಾದರು. ಮೊಕದ್ದಮೆಯ ಆಯಾಸವೇ ಅವರ ಆರೋಗ್ಯವನ್ನು ಕುಗ್ಗಿಸಿತೆಂಬ ನೋವು ಆ ಕುಟುಂಬದಲ್ಲಿ ಉಳಿಯಿತು. ಎರಡೂ ಐಲೆರಾನ್‌ಗಳು ಏಕಕಾಲಕ್ಕೆ ಚಲಿಸದಂತೆ ಮಾರ್ಪಡಿಸಿ ಕರ್ಟಿಸ್ ತೀರ್ಪಿನ ಹಿಡಿತದಿಂದ ತಪ್ಪಿಸಿಕೊಳ್ಳಲು ಯತ್ನಿಸಿದರು. ಮೋಟಾರು ಉದ್ಯಮಿ ಹೆನ್ರಿ ಫೋರ್ಡ್ ತಮ್ಮ ವಕೀಲರ ನೆರವನ್ನು ಅವರಿಗೆ ಒದಗಿಸಿದರು.

1914ರಲ್ಲಿ ನಡೆದ ಮತ್ತೊಂದು ಪ್ರಸಂಗ ಕರ್ಟಿಸ್ ಅವರ ಹೆಸರಿಗೆ ಕಳಂಕವಾಗಿ ಉಳಿದಿದೆ. ಸ್ಮಿತ್ಸೋನಿಯನ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದ ಸ್ಯಾಮ್ಯುಯೆಲ್ ಲ್ಯಾಂಗ್ಲಿ ಅವರ ಏರೋಡ್ರೋಮ್ ಎಂಬ ಯಂತ್ರ 1903ರಲ್ಲಿ ಎರಡು ಬಾರಿ ನದಿಗೆ ಬಿದ್ದಿತ್ತು. ಎರಡನೆಯ ಪತನವಾದ ಒಂಬತ್ತನೆಯ ದಿನ ರೈಟ್ ಸಹೋದರರು ಹಾರಿದ್ದರು. ಆ ಯಂತ್ರ ಹಾರಬಲ್ಲದು ಎಂದು ಸಿದ್ಧವಾದರೆ ರೈಟ್ ಪೇಟೆಂಟಿನ ಬಲ ಕುಗ್ಗುತ್ತಿತ್ತು. ಸಂಸ್ಥೆ ಅದನ್ನು ಕರ್ಟಿಸ್ ಅವರಿಗೆ ಒಪ್ಪಿಸಿತು. ಅವರು ಹ್ಯಾಮಂಡ್ಸ್‌ಪೋರ್ಟಿನಲ್ಲಿ ಅದರ ರೆಕ್ಕೆ, ಆಧಾರಗಳು ಮೊದಲಾದ ಭಾಗಗಳನ್ನು ಬದಲಿಸಿ, ತೇಲುದೋಣಿಗಳನ್ನು ಜೋಡಿಸಿ, ಮೇ 28ರಂದು ಸರೋವರದ ಮೇಲೆ ಕೆಲವು ಸೆಕೆಂಡುಗಳ ಕಾಲ ಹಾರಿಸಿದರು. ಯಂತ್ರವನ್ನು ಮತ್ತೆ ಮೂಲ ರೂಪಕ್ಕೆ ತಂದು ಸಂಗ್ರಹಾಲಯದಲ್ಲಿ ಇರಿಸಿದ ಸಂಸ್ಥೆ, ಹಾರಬಲ್ಲ ಮೊದಲ ವಿಮಾನವೆಂದು ಅದನ್ನು ವರ್ಣಿಸಿತು. ಮಾಡಿದ ಮಾರ್ಪಾಡುಗಳ ಪೂರ್ಣ ವಿವರವನ್ನು ನೀಡಲಿಲ್ಲ. ಎಲ್ಲರೆದುರು ಹಾರಿ ತೋರಿಸುವುದನ್ನೇ ಪ್ರಮಾಣವಾಗಿಸಿಕೊಂಡಿದ್ದ ಕರ್ಟಿಸ್, ಈ ಸಂದರ್ಭದಲ್ಲಿ ಪ್ರದರ್ಶನವನ್ನೇ ತಪ್ಪು ತಿಳಿವಳಿಕೆಯ ಸಾಧನವಾಗಲು ಬಿಟ್ಟರೆಂಬ ಆಕ್ಷೇಪ ನ್ಯಾಯವಾದದ್ದು. ನೊಂದ ಆರ್ವಿಲ್ ರೈಟ್ 1928ರಲ್ಲಿ ತಮ್ಮ ಮೂಲ ವಿಮಾನವನ್ನು ಲಂಡನ್ನಿನ ವಿಜ್ಞಾನ ಸಂಗ್ರಹಾಲಯಕ್ಕೆ ಕಳುಹಿಸಿಬಿಟ್ಟರು. 1942ರಲ್ಲಿ ಸ್ಮಿತ್ಸೋನಿಯನ್ ಮಾರ್ಪಾಡುಗಳ ಪಟ್ಟಿಯನ್ನು ಪ್ರಕಟಿಸಿ ತಪ್ಪನ್ನು ಒಪ್ಪಿಕೊಂಡಿತು. ವಿಮಾನ ಅಮೆರಿಕಕ್ಕೆ ಮರಳಿದ್ದು 1948ರಲ್ಲಿ. ಆ ವೇಳೆಗೆ ಆರ್ವಿಲ್ ಕೂಡ ನಿಧನರಾಗಿದ್ದರು.

1917ರಲ್ಲಿ ಅಮೆರಿಕ ಮೊದಲನೆಯ ಮಹಾಯುದ್ಧವನ್ನು ಪ್ರವೇಶಿಸಿದಾಗ ವಿಮಾನಗಳ ತುರ್ತು ಅಗತ್ಯ ತಲೆದೋರಿತು. ಸರ್ಕಾರದ ಒತ್ತಾಯದ ಮೇರೆಗೆ ತಯಾರಕರು ಪೇಟೆಂಟುಗಳನ್ನು ಒಟ್ಟುಗೂಡಿಸಿ, ನಿಗದಿತ ಶುಲ್ಕ ನೀಡಿ ಎಲ್ಲರೂ ಬಳಸಬಹುದಾದ ವ್ಯವಸ್ಥೆಯನ್ನು ಮಾಡಿಕೊಂಡರು. ಇದರಿಂದ ವಿವಾದ ಕಾರ್ಯತಃ ಮುಗಿಯಿತು.

ಜೆನ್ನಿ ವಿಮಾನ ಮತ್ತು ಹವ್ಯಾಸಿಗಳ ಕ್ಯಾಮರಾ

ಯುದ್ಧಕಾಲದಲ್ಲಿ ಕರ್ಟಿಸ್ ಕಂಪನಿ ಬಫಲೊ ನಗರದಲ್ಲಿ ಬೃಹತ್ ಕಾರ್ಖಾನೆಯನ್ನು ನಡೆಸಿ ದೇಶದ ಅತಿ ದೊಡ್ಡ ವಿಮಾನ ತಯಾರಕ ಸಂಸ್ಥೆಯಾಯಿತು. ಜೆನ್ನಿ ಎಂದು ಪ್ರಸಿದ್ಧವಾದ ಜೆಎನ್-4 ತರಬೇತಿ ವಿಮಾನ 6,000ಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಯಿತು. 1918ರ ಮೇ 15ರಂದು ಅಮೆರಿಕದ ನಿಯತ ವಿಮಾನ ಅಂಚೆ ಆರಂಭವಾದದ್ದು ಜೆನ್ನಿ ವಿಮಾನಗಳಿಂದಲೇ. ಆಗ ಹೊರಬಂದ 24 ಸೆಂಟಿನ ಅಂಚೆಚೀಟಿಯ ಒಂದು ಹಾಳೆಯಲ್ಲಿ ವಿಮಾನ ತಲೆಕೆಳಗಾಗಿ ಮುದ್ರಿತವಾಗಿ, ಸಂಗ್ರಾಹಕರಿಗೆ ಅಮೂಲ್ಯವಾಯಿತು.

ಯುದ್ಧ ಮುಗಿದ ಮೇಲೆ ಉಳಿದ ಜೆನ್ನಿಗಳು ಅಗ್ಗದ ಬೆಲೆಗೆ ಮಾರಾಟವಾದವು. ಅವುಗಳನ್ನು ಕೊಂಡ ಚಾಲಕರು ಊರೂರು ಸುತ್ತಿ, ಹೊಲಗಳಲ್ಲಿ ಇಳಿದು, ಸಾಹಸ ಪ್ರದರ್ಶನ ನೀಡಿ, ಹಣ ಕೊಟ್ಟವರನ್ನು ಆಕಾಶದಲ್ಲಿ ಸುತ್ತಿಸುತ್ತಿದ್ದರು. ಚಾರ್ಲ್ಸ್ ಲಿಂಡ್‌ಬರ್ಗ್ 1923ರಲ್ಲಿ 500 ಡಾಲರಿಗೆ ಕೊಂಡ ಮೊದಲ ಸ್ವಂತ ವಿಮಾನ ಜೆನ್ನಿ. ಆಫ್ರಿಕನ್ ಅಮೆರಿಕನ್ ಸಮುದಾಯದ ಮೊದಲ ಮಹಿಳಾ ವೈಮಾನಿಕಳಾದ ಬೆಸ್ಸಿ ಕೋಲ್‌ಮನ್ 1926ರಲ್ಲಿ ಮಡಿದದ್ದೂ ಜೆನ್ನಿ ವಿಮಾನದ ಅಪಘಾತದಲ್ಲಿ.

1923ರಲ್ಲಿಯೇ ಈಸ್ಟ್‌ಮನ್ ಕೊಡಾಕ್ ಸಂಸ್ಥೆ, ಬಾಲಕ ಕರ್ಟಿಸ್ ಕೆಲಸ ಮಾಡಿದ್ದ ಅದೇ ಸಂಸ್ಥೆ, 16 ಮಿಲಿಮೀಟರ್ ಅಗಲದ ಫಿಲ್ಮನ್ನು ಮಾರುಕಟ್ಟೆಗೆ ತಂದಿತು. ಅದುವರೆಗಿನ 35 ಮಿಲಿಮೀಟರ್ ನೈಟ್ರೇಟ್ ಫಿಲ್ಮ್ ದುಬಾರಿಯಾಗಿದ್ದು, ಸುಲಭವಾಗಿ ಬೆಂಕಿ ಹೊತ್ತಿಕೊಳ್ಳುತ್ತಿತ್ತು. ಹೊಸ ಫಿಲ್ಮ್ ಮನೆಯಲ್ಲಿ ಇಟ್ಟುಕೊಳ್ಳಲು ಸುರಕ್ಷಿತವಾಗಿತ್ತು. ಇದರಿಂದ ವೃತ್ತಿಪರರಲ್ಲದ ಅನುಕೂಲಸ್ಥ ಪ್ರೇಕ್ಷಕರೂ ಸಮ್ಮೇಳನಗಳನ್ನು ಚಿತ್ರೀಕರಿಸಲು ಸಾಧ್ಯವಾಯಿತು. ವಾರ್ತಾಚಿತ್ರದ ಕ್ಯಾಮರಾ ವಿಜೇತರ ಕಡೆಗೆ ತಿರುಗಿರುತ್ತಿತ್ತು. ಹವ್ಯಾಸಿಯ ಕ್ಯಾಮರಾ ನಿಂತಿದ್ದ ವಿಮಾನಗಳ ಸಾಲು, ಎಂಜಿನ್ ಬಿಚ್ಚಿ ಕುಳಿತ ಕೆಲಸಗಾರರು, ಬೇಲಿಯಾಚೆಯ ಜನ ಇವುಗಳನ್ನೂ ಹಿಡಿದಿಟ್ಟಿತು. ಅಂದಿನ ವಿಮಾನಗಳ ರಚನೆಯನ್ನು ಅಧ್ಯಯನ ಮಾಡುವವರಿಗೆ ಇಂಥ ಮನೆಯ ರೀಲುಗಳು ಉಪಯುಕ್ತ ಆಕರಗಳಾಗಿವೆ.

ಆ ದಶಕದ ಸ್ಪರ್ಧೆಗಳಲ್ಲಿ ಕರ್ಟಿಸ್ ಕಂಪನಿಯ ವಿಮಾನಗಳೇ ಮುಂಚೂಣಿಯಲ್ಲಿದ್ದವು. 1923ರಲ್ಲಿ ಇಂಗ್ಲೆಂಡಿನ ಕೌಸ್‌ನಲ್ಲಿ ಡೇವಿಡ್ ರಿಟನ್‌ಹೌಸ್, 1925ರಲ್ಲಿ ಬಾಲ್ಟಿಮೋರಿನಲ್ಲಿ ಜಿಮ್ಮಿ ಡೂಲಿಟಲ್ ಕರ್ಟಿಸ್ ಜಲವಿಮಾನಗಳಲ್ಲಿ ಶ್ನೈಡರ್ ಪಾರಿತೋಷಕವನ್ನು ಗೆದ್ದರು. ಡೂಲಿಟಲ್ ಅವರ ಸರಾಸರಿ ವೇಗ ಗಂಟೆಗೆ ಸುಮಾರು 374 ಕಿಲೋಮೀಟರ್. ರೀಮ್ಸ್ ಸ್ಪರ್ಧೆಯಿಂದ ಹದಿನಾರು ವರ್ಷಗಳಲ್ಲಿ ವೇಗ ಐದು ಪಟ್ಟಾಗಿತ್ತು.

ಫ್ಲಾರಿಡಾ ಮತ್ತು ಕೊನೆಯ ದಿನಗಳು

1920ರ ಹೊತ್ತಿಗೆ ಕರ್ಟಿಸ್ ಕಂಪನಿಯ ಆಡಳಿತದಿಂದ ದೂರ ಸರಿದು ಫ್ಲಾರಿಡಾದಲ್ಲಿ ನೆಲೆಸಿದ್ದರು. ಅಲ್ಲಿ ಜೇಮ್ಸ್ ಬ್ರೈಟ್ ಅವರೊಡನೆ ಸೇರಿ ಹಯಾಲಿಯಾ ಮತ್ತು ಮಯಾಮಿ ಸ್ಪ್ರಿಂಗ್ಸ್ ಬಡಾವಣೆಗಳನ್ನು ಬೆಳೆಸಿದರು. ಅರಬ್ಬಿ ಕಥೆಗಳ ಗುಮ್ಮಟ ಮತ್ತು ಮಿನಾರುಗಳ ಮಾದರಿಯಲ್ಲಿ ಓಪಾ-ಲಾಕಾ ಎಂಬ ಊರನ್ನು ನಿರ್ಮಿಸಿದರು. 1926ರ ಭೀಕರ ಚಂಡಮಾರುತ ಈ ಯೋಜನೆಗಳಿಗೆ ದೊಡ್ಡ ಪೆಟ್ಟು ನೀಡಿತು. 1929ರ ಜುಲೈಯಲ್ಲಿ ಎರಡು ಎದುರಾಳಿ ಹೆಸರುಗಳನ್ನು ಹೊತ್ತ ಕಂಪನಿಗಳು ವಿಲೀನಗೊಂಡು ಕರ್ಟಿಸ್-ರೈಟ್ ಸಂಸ್ಥೆ ಹುಟ್ಟಿತು.

1930ರ ಮೇ ತಿಂಗಳಿನಲ್ಲಿ ಆಲ್ಬನಿ ಹಾರಾಟದ ಇಪ್ಪತ್ತನೆಯ ವರ್ಷದ ಸ್ಮರಣೆಗಾಗಿ ಕರ್ಟಿಸ್ ಅದೇ ಮಾರ್ಗದಲ್ಲಿ ಕಾಂಡರ್ ಎಂಬ ದೊಡ್ಡ ಪ್ರಯಾಣಿಕ ವಿಮಾನವನ್ನು ನಡೆಸಿದರು. ಹಳೆಯ ಪಾಲುದಾರ ಹೆರಿಂಗ್ ಪಕ್ಷದ ಮೊಕದ್ದಮೆ ಇನ್ನೂ ನಡೆಯುತ್ತಿದ್ದ ಆ ಬೇಸಿಗೆಯಲ್ಲಿ ಅವರಿಗೆ ಕರುಳುಬಾಲದ ಉರಿಯೂತ ಕಾಣಿಸಿಕೊಂಡಿತು. ಶಸ್ತ್ರಚಿಕಿತ್ಸೆಯ ಅನಂತರದ ತೊಡಕಿನಿಂದ ಜುಲೈ 23ರಂದು ಬಫಲೊ ನಗರದಲ್ಲಿ, 52ನೆಯ ವಯಸ್ಸಿನಲ್ಲಿ ನಿಧನರಾದರು. ಹುಟ್ಟೂರಾದ ಹ್ಯಾಮಂಡ್ಸ್‌ಪೋರ್ಟಿನಲ್ಲಿ ಅವರ ಅಂತ್ಯಕ್ರಿಯೆ ನಡೆಯಿತು.

ಬೆಂಗಳೂರಿನೊಂದಿಗೆ ನಂಟು

ಉದ್ಯಮಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದರು. ಅಮೆರಿಕದ ವಿಲಿಯಂ ಪಾಲಿ ಅದಕ್ಕೆ ತಾಂತ್ರಿಕ ನೆರವನ್ನು ಒದಗಿಸಿದರು. ಆ ಕಾರ್ಖಾನೆ ತನ್ನ ಆರಂಭದ ವರ್ಷಗಳಲ್ಲಿ ಕೈಗೆತ್ತಿಕೊಂಡ ವಿಮಾನಗಳಲ್ಲಿ ಕರ್ಟಿಸ್ ಹಾಕ್ ಯುದ್ಧವಿಮಾನವೂ ಒಂದು. 1942ರಲ್ಲಿ ಅದು ಬೆಂಗಳೂರಿನಿಂದ ಹಾರಿತು. ಇಂದಿನ ಎಚ್‌ಎಎಲ್ ಬೆಳೆದುಬಂದದ್ದು ಇದೇ ಸಂಸ್ಥೆಯಿಂದ.

ಗೌರವಗಳು

ಅಮೆರಿಕದ ಏರೋ ಕ್ಲಬ್ 1911ರಲ್ಲಿ ಚಾಲಕರಿಗೆ ಪರವಾನಗಿ ನೀಡಿದಾಗ ಕರ್ಟಿಸ್ ಅವರಿಗೆ ಮೊದಲ ಸಂಖ್ಯೆ ದೊರೆಯಿತು. ಹೆಸರುಗಳನ್ನು ಅಕ್ಷರಾನುಕ್ರಮದಲ್ಲಿ ಜೋಡಿಸಿದ್ದೇ ಇದಕ್ಕೆ ಕಾರಣ. ವಿಮಾನಯಾನದ ಪ್ರತಿಷ್ಠಿತ ಕೊಲಿಯರ್ ಪಾರಿತೋಷಕ ಅವರಿಗೆ ಸಂದಿತು. ಮರಣಾನಂತರ, 1933ರಲ್ಲಿ, ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕವನ್ನು ನೀಡಲಾಯಿತು. 1964ರಲ್ಲಿ ಅಮೆರಿಕದ ರಾಷ್ಟ್ರೀಯ ವಿಮಾನಯಾನ ಕೀರ್ತಿಭವನಕ್ಕೆ ಅವರ ಹೆಸರನ್ನು ಸೇರಿಸಲಾಯಿತು. ಹ್ಯಾಮಂಡ್ಸ್‌ಪೋರ್ಟಿನಲ್ಲಿರುವ ಗ್ಲೆನ್ ಎಚ್. ಕರ್ಟಿಸ್ ವಸ್ತುಸಂಗ್ರಹಾಲಯದಲ್ಲಿ ಅವರ ಬೈಸಿಕಲ್, ಮೋಟಾರ್ ಸೈಕಲ್ ಮತ್ತು ವಿಮಾನಗಳ ಮಾದರಿಗಳನ್ನು ಕಾಣಬಹುದು.